ಇಟಲಿಯ ಕ್ರಿಯಾಪದವೂ ಕೃಷ್ಣರಾಜಪುರದ ಸಂಬಂಧವೂ

ಬಾರದ ಕೆಲಸವನ್ನು ಬರುತ್ತದೆ ಎಂದು ಒಪ್ಪಿಕೊಂಡವನ ಬದುಕಿನಲ್ಲಿ ಪ್ರಸಂಗಗಳಿಗೆ ಬರ ಇರುವುದಿಲ್ಲ. ನನಗಂತೂ ಅವು ಒಂದರ ಹಿಂದೊಂದು ನಡೆಯುತ್ತಲೇ ಬಂದಿವೆ. ನಾನಾಗಿ ಯಾವುದನ್ನೂ ಕರೆದದ್ದಿಲ್ಲ. ಎರಡನೇ ಮಹಾಯುದ್ಧದ ಕಾಲದ ಮೂರು ತಿಂಗಳು ಈ ವಿಷಯದಲ್ಲಿ ಬಹಳ ಸಮೃದ್ಧವಾಗಿದ್ದವು. ಆ ಮೂರು ತಿಂಗಳಲ್ಲಿ ನಾನು ಇಟಲಿ ಭಾಷೆ ಕಲಿತೆ. ಕಲಿತೆ ಎನ್ನುವುದಕ್ಕೆ ಸರ್ಕಾರಿ ದಾಖಲೆಯೇ ಇದೆ.

ಟೆಂಪರರಿ

ಹಲಸೂರಿನ ಆಚೆ ಮಿಲಿಟರಿಯವರ ಒಂದು ಸ್ಟೋರ್ಸ್ ಡಿಪೋ ಇತ್ತು. ಅಲ್ಲಿ ನಾನು ಟೆಂಪರರಿ ಗುಮಾಸ್ತ. ಡಿಪೋದ ಗೋಡೆ, ಗೋದಾಮು ಕಟ್ಟುವುದಕ್ಕೆ ಇಟಲಿಯ ಯುದ್ಧಕೈದಿಗಳನ್ನು ದಿನವೂ ಲಾರಿಯಲ್ಲಿ ಕರೆತರುವುದೆಂದು ಆರ್ಡರ್ ಬಂತು. ಅವರಿಗೆ ಇಂಗ್ಲಿಷ್ ಬಾರದು. ನಮ್ಮಲ್ಲಿ ಯಾರಿಗೂ ಇಟಲಿ ಭಾಷೆ ಬಾರದು. ಡಿಪೋದ ಕ್ಯಾಪ್ಟನ್ ಸಾಹೇಬರು ಹೆಡ್ ಕ್ಲರ್ಕನ್ನು ಕರೆದು, "ಒಬ್ಬ ದುಭಾಷಿ ಬೇಕು" ಎಂದರು.

ಹೆಡ್ ಕ್ಲರ್ಕು ಮನೆಯಲ್ಲಿ ತಮಿಳು, ಕಾಗದದಲ್ಲಿ ಇಂಗ್ಲಿಷ್, ನಮ್ಮನ್ನು ಬೈಯುವಾಗ ಮಾತ್ರ ಸ್ವಚ್ಛ ಕನ್ನಡ ಆಡುತ್ತಿದ್ದವರು. ಅವರು ನನ್ನ ಹೆಸರು ಹೇಳಿಬಿಟ್ಟರು.

"ಸಾರ್, ನನಗೆ ಇಟಲಿ ಭಾಷೆ ಬರಲ್ಲ" ಎಂದೆ.

"ಹೈಸ್ಕೂಲಲ್ಲಿ ಸಂಸ್ಕೃತಕ್ಕೆ ಫಸ್ಟ್ ಬಂದಿದ್ದೆ ಅಂತ ಅರ್ಜೀಲಿ ಬರೆದಿದ್ದೀಯ. ಅದು ಬಂದೋನಿಗೆ ಇದು ಯಾವ ಲೆಕ್ಕ? ಹೋಗು, ಹೋಗು."

ಕ್ಯಾಪ್ಟನ್ ಸಾಹೇಬರ ಷರತ್ತು ಸರಳವಾಗಿತ್ತು. ಮೂರು ತಿಂಗಳು ಸಮಯ. ಕೊನೆಯಲ್ಲಿ ಅವರೇ ಖುದ್ದಾಗಿ ಪರೀಕ್ಷೆ ಮಾಡುತ್ತಾರೆ. ಪಾಸಾದರೆ ಕೆಲಸ ಪರ್ಮನೆಂಟು, ಇಲ್ಲವಾದರೆ ಮನೆಗೆ. ಅವರಿಗೂ ಇಟಲಿ ಭಾಷೆ ಬಾರದು ಎಂಬುದನ್ನು ನೆನಪಿಸುವ ಧೈರ್ಯ ಆ ಕೋಣೆಯಲ್ಲಿ ಯಾರಿಗೂ ಇರಲಿಲ್ಲ. ಅವರು ಕುಕ್ ಟೌನಿನ ಬಂಗಲೆಯಲ್ಲಿದ್ದರು. ಅವರ ಬಟ್ಲರ್ ತಮಿಳಿನವನು, ಕುದುರೆ ನೋಡಿಕೊಳ್ಳುವವನು ಉರ್ದುವಿನವನು, ನಾಯಿ ಇಂಗ್ಲಿಷಿನದು. ಬೆಂಗಳೂರಿಗೆ ಬಂದು ಐದಾರು ವರ್ಷವಾಗಿದ್ದರೂ ಇಲ್ಲಿ ಕನ್ನಡ ಎಂಬ ಒಂದು ಭಾಷೆ ಇದೆ ಎಂದು ಅವರಿಗೆ ಯಾರೂ ವರದಿ ಕೊಟ್ಟಿರಲಿಲ್ಲ.

ನನಗೆ ಕೆಲಸ ಪರ್ಮನೆಂಟ್ ಆಗಲೇಬೇಕಾಗಿತ್ತು. ಅದಕ್ಕೆ ಕಾರಣ ಕೃಷ್ಣರಾಜಪುರದಲ್ಲಿತ್ತು. ಅಲ್ಲಿನ ಒಬ್ಬ ಜಮೀನಿನ ಯಜಮಾನರ ಮಗಳನ್ನು ನನಗೆ ನೋಡಿದ್ದರು. ನಾನು ಹುಡುಗಿಯನ್ನು ಒಪ್ಪಿದ್ದೆ. ಹುಡುಗಿಯೂ ನನ್ನನ್ನು ಒಪ್ಪಿದ್ದಳು ಎಂದು ನಂಬುವುದಕ್ಕೆ ಆಧಾರವಿತ್ತು: ಉಪ್ಪಿಟ್ಟನ್ನು ಎರಡನೇ ಸಲ ತಾನಾಗಿಯೇ ತಂದು ಬಡಿಸಿದ್ದಳು. ಉಳಿದದ್ದು ಯಜಮಾನರು. ಅವರು ಎಲ್ಲ ಕೇಳಿದ ಮೇಲೆ ಎಲೆಯಡಿಕೆ ಹಾಕಿಕೊಂಡು ನಿಧಾನವಾಗಿ ಹೇಳಿದರು:

"ತಪ್ಪು ತಿಳ್ಕೋಬೇಡಿ. ನಿಮ್ಮದು ಟೆಂಪರರಿ ಕೆಲಸ. ನನ್ನ ಮಗಳು ಪರ್ಮನೆಂಟು."

ಅರ್ಧ ಪುಸ್ತಕ

ಈಗ ಶಿವಾಜಿನಗರ ಎನ್ನುವ ಜಾಗವನ್ನು ಆಗ ಬ್ಲ್ಯಾಕ್‌ಪಳ್ಳಿ ಎನ್ನುತ್ತಿದ್ದರು. ಅಲ್ಲಿನ ಗುಜರಿ ಸಾಲಿನಲ್ಲಿ ಸಿಗದ ವಸ್ತು ಇರಲಿಲ್ಲ. ಇಟಲಿ ವ್ಯಾಕರಣವೂ ಸಿಕ್ಕಿತು. ಒಂದು ಕಡೆ ಕುದುರೆ ಲಾಳ, ಇನ್ನೊಂದು ಕಡೆ ಪಿಯಾನೋದ ಕಾಲು; ನಡುವೆ ಅದು ಬಿದ್ದುಕೊಂಡಿತ್ತು. ಹಿಂದಿನ ರಟ್ಟು ಇರಲಿಲ್ಲ. ರಟ್ಟಿನ ಜೊತೆಗೆ ಪುಸ್ತಕದ ಹಿಂದಿನ ಅರ್ಧವೂ ಇರಲಿಲ್ಲ.

ತಿರುವಿ ನೋಡಿದೆ. ನಿಯಮಕ್ಕೆ ಬಗ್ಗುವ ಕ್ರಿಯಾಪದಗಳೆಲ್ಲ ಎಲ್ಲ ಕಾಲಗಳಲ್ಲಿಯೂ ಅಚ್ಚುಕಟ್ಟಾಗಿ ಇದ್ದವು. ನಿಯಮಕ್ಕೆ ಬಗ್ಗದ ಕ್ರಿಯಾಪದಗಳು, ನಾಮಪದಗಳು, ಸಂಭಾಷಣೆ ಎಲ್ಲವೂ ಎರಡನೇ ಭಾಗದಲ್ಲಿವೆ ಎಂದು ಮುನ್ನುಡಿ ಹೇಳುತ್ತಿತ್ತು. ಇರು, ಹೋಗು, ಬಾ, ಬೇಕು, ಗೊತ್ತು ಎಂಬಂಥ ಮಾತುಗಳೆಲ್ಲ ನಿಯಮಕ್ಕೆ ಬಗ್ಗದವಂತೆ. ದಿನಬಳಕೆಯಲ್ಲಿ ಬಹುತೇಕ ಇವೇ ಬೇಕಾಗುತ್ತವೆ ಎಂದೂ ಅದರಲ್ಲಿ ಬರೆದಿತ್ತು. ಬರೆದವರು ಪ್ರಾಮಾಣಿಕರು.

"ಇದರ ಇನ್ನರ್ಧ ಎಲ್ಲಿ ಸಾಬ್ರೆ?" ಎಂದು ಕೇಳಿದೆ.

ಅಂಗಡಿಯ ಸಾಬರು ಗಡ್ಡ ನೀವಿಕೊಂಡು ಮಾರ್ಕೆಟ್ಟಿನ ಕಡೆ ಕೈ ತೋರಿಸಿದರು. "ಕಡಲೆಕಾಯಿಯೋನು ಪೊಟ್ಟಣ ಕಟ್ಟೋಕೆ ತಗೊಂಡ್ಹೋದ."

ಒಂದು ವಾರ ಆ ಕಡಲೆಕಾಯಿಯವನ ಹತ್ತಿರ ತಿಂದೆ. ಪೊಟ್ಟಣ ಬಿಚ್ಚಿದಾಗಲೆಲ್ಲ ಕುದುರೆ ವೈದ್ಯದ ಹಾಳೆಗಳು ಬಂದವು. ಕುದುರೆಯ ಕೆಮ್ಮಿನ ವಿಷಯದಲ್ಲಿ ನನಗೆ ಇಂದಿಗೂ ಒಳ್ಳೆಯ ತಿಳಿವಳಿಕೆ ಇದೆ. ವಾರದ ಕೊನೆಗೆ ಹೊಟ್ಟೆ ಕೆಟ್ಟು ಮತ್ತೆ ಸಾಬರ ಹತ್ತಿರ ಹೋಗಿ ದೂರು ಹೇಳಿದೆ.

"ಇಂಥ ಪುಸ್ತಕ ನಾನು ಬಹಳ ಮಾರಿದ್ದೀನಿ" ಎಂದರು ಅವರು ಸಮಾಧಾನವಾಗಿ. "ಎಲ್ರೂ ಮೊದಲು ಪೂರ್ತಿ ಬೇಕು ಅಂತಾರೆ. ನೀವು ಈ ಅರ್ಧ ಓದಿ ಮುಗಿಸಿ ಬನ್ನಿ, ಉಳಿದರ್ಧ ಎಲ್ಲಿದ್ರೂ ಹುಡುಕಿಕೊಡ್ತೀನಿ. ಇದುವರೆಗೆ ಒಬ್ರೂ ವಾಪಸ್ ಬಂದಿಲ್ಲ."

ಮೂರೇ ಗಣ

ಸೋಮೇಶ್ವರನ ಗುಡಿಯ ಹಿಂದಿನ ಬೀದಿಯಲ್ಲಿ ನನಗೆ ಸಂಸ್ಕೃತ ಹೇಳಿಕೊಟ್ಟ ಪಂಡಿತರಿದ್ದರು. ಅರ್ಧ ಪುಸ್ತಕ ತೆಗೆದುಕೊಂಡು ಅವರ ಜಗಲಿಗೆ ಹೋದೆ. ಅವರಿಗೆ ಇಟಲಿ ಎಲ್ಲಿದೆ ಎಂಬುದು ಗೊತ್ತಿರಲಿಲ್ಲ. ಅದರಿಂದ ಅವರ ಆತ್ಮವಿಶ್ವಾಸಕ್ಕೇನೂ ಕೊರತೆಯಾಗಲಿಲ್ಲ.

"ಎಲ್ಲಿದ್ದರೇನಯ್ಯ? ಕ್ರಿಯಾಪದ ಕ್ರಿಯಾಪದವೇ. ಓದು, ಕೇಳೋಣ."

ನಾನು ಓದಿ ಹೇಳಿದೆ. ಆರೆ, ಎರೆ, ಇರೆ ಎಂದು ಕೊನೆಯಾಗುವ ಮೂರು ಬಗೆಯ ಕ್ರಿಯಾಪದಗಳಿವೆ ಎಂದೆ.

"ಮೂರೇ ಗಣವೇ?" ಪಂಡಿತರ ಮುಖದಲ್ಲಿ ಮರುಕ ಕಾಣಿಸಿತು. "ನಮ್ಮಲ್ಲಿ ಹತ್ತು. ಪಾಪ, ಇಲ್ಲದ ಜನ. ಹೂಂ, ಮುಂದೆ?"

"ಮೊದಲು 'ನಾನು', ಆಮೇಲೆ 'ನೀನು', ಆಮೇಲೆ 'ಅವನು' ಅಂತ ಹೇಳುತ್ತಾರೆ."

"ತಮ್ಮಿಂದಲೇ ಶುರು ಮಾಡುತ್ತಾರೋ? ಸ್ವಲ್ಪ ಅಹಂಕಾರ ಇದೆ. ಇರಲಿ. ದ್ವಿವಚನ ಎಲ್ಲಿ?"

"ಇಲ್ಲ. ಏಕವಚನ, ಬಹುವಚನ ಎರಡೇ."

"ಮತ್ತೆ ಗಂಡ ಹೆಂಡತಿ ಇಬ್ಬರೇ ಎಲ್ಲಿಗಾದರೂ ಹೊರಟರೆ ಏನನ್ನುತ್ತಾರೆ?"

ಬಹುಶಃ ಜೊತೆಗೆ ಮಕ್ಕಳನ್ನೂ ಕರೆದುಕೊಂಡು ಹೋಗುತ್ತಾರೆ ಎಂದೆ. ಪಂಡಿತರು ಒಪ್ಪಿದರು.

ಪಾಠ ಮರುದಿನವೇ ಶುರುವಾಯಿತು. ಅವರ ಪದ್ಧತಿ ಒಂದೇ: ಗಟ್ಟಿಯಾಗಿ ಹೇಳಬೇಕು, ರಾಗವಾಗಿ ಹೇಳಬೇಕು, ಪ್ರತಿಯೊಂದು ರೂಪದ ಹಿಂದೆಯೇ ಅದರ ಕನ್ನಡ ಅರ್ಥವನ್ನೂ ಹೇಳಬೇಕು. ಅರ್ಥವಿಲ್ಲದ ಬಾಯಿಪಾಠ ಗಿಳಿಯ ಕೆಲಸ ಎನ್ನುತ್ತಿದ್ದರು. ಅರ್ಥವಾದರೂ ಎಂಥದು? ಬೀದಿಯ ಕನ್ನಡ ಕೂಡದು. ಪುಸ್ತಕದ ಕನ್ನಡವೇ ಆಗಬೇಕು.

"ಪೋರ್ತೊ, ತರುತ್ತೇನೆ. ಪೋರ್ತಿ, ತರುತ್ತೀಯೆ. ಪೋರ್ತ, ತರುತ್ತಾನೆ. ಪೋರ್ತಿಯಾಮೊ, ತರುತ್ತೇವೆ. ಪೋರ್ತಾತೆ, ತರುತ್ತೀರಿ. ಪೋರ್ತನೊ, ತರುತ್ತಾರೆ."

ಹೀಗೆ ತಂದೆನು, ತರುವೆನು, ತಂದೇನು, ತರಲಿ, ತನ್ನಿ ಎಂದು ಮುಂದುವರಿಯುತ್ತಿತ್ತು. ದುಡಿಯುವುದು, ನಡೆಯುವುದು, ನಂಬುವುದು, ಮಾರುವುದು, ನಿದ್ರಿಸುವುದು, ಹೊರಡುವುದು ಎಲ್ಲವೂ ಹೀಗೇ ಆದವು. ಇಟಲಿಯವರಿಗೆ ಭೂತಕಾಲ ನಾಲ್ಕೈದು ಬಗೆ. ಅವುಗಳಲ್ಲಿ ಬಹಳ ಹಿಂದೆ ನಡೆದುಹೋದದ್ದಕ್ಕೆಂದೇ ಇರುವ ಒಂದು ಭೂತಕಾಲ ಪಂಡಿತರಿಗೆ ತುಂಬ ಹಿಡಿಸಿತು.

"ಇದನ್ನು ಚೆನ್ನಾಗಿ ಗಟ್ಟಿ ಮಾಡು" ಎಂದರು. "ಯುದ್ಧದಲ್ಲಿ ಸಿಕ್ಕಿಬಿದ್ದವರು ವರ್ತಮಾನದ ವಿಷಯ ಏನು ಮಾತಾಡುತ್ತಾರೆ?"

ಎಮ್ಮೆಗೆ ಮಂತ್ರ

ಮನೆಯಲ್ಲಿ ಗಟ್ಟಿಯಾಗಿ ಹೇಳುವುದಕ್ಕೆ ಅಮ್ಮ ಬಿಡಲಿಲ್ಲ. ಮೊದಲ ದಿನ ಕೇಳಿ ಗಾಬರಿಯಾಗಿ, "ಚರ್ಚಿಗೆ ಸೇರ್ಕೊಂಡ್ಯೇನೋ?" ಎಂದಿದ್ದಳು. ಹಾಗಾಗಿ ಬೆಳಿಗ್ಗೆ ಹಲಸೂರು ಕೆರೆಯ ದಂಡೆಯ ಮೇಲೆ ಅತ್ತಿಂದಿತ್ತ ನಡೆಯುತ್ತ ಹೇಳಿಕೊಳ್ಳತೊಡಗಿದೆ. ಪೂರ್ವಕ್ಕೆ ಮುಖ ಮಾಡಿದಾಗ ವರ್ತಮಾನ, ತಿರುಗಿ ಬರುವಾಗ ಭೂತ. ಹೀಗೆ ಮಾಡಿದರೆ ತಪ್ಪುತ್ತಿರಲಿಲ್ಲ.

ನಾಲ್ಕೈದು ದಿನದಲ್ಲಿ ಜನ ನನಗೆ ದಾರಿ ಬಿಡಲು ಶುರುಮಾಡಿದರು. ಬಟ್ಟೆ ಒಗೆಯುವವರು ಸದ್ದು ತಗ್ಗಿಸಿದರು. ಒಬ್ಬ ಮುದುಕ ದೂರದಿಂದ ಕೈ ಮುಗಿದ. ನಾನೂ ಮುಗಿದೆ, ಸುಮ್ಮನೆ ವಿವರಿಸುತ್ತ ನಿಂತರೆ ಭವಿಷ್ಯತ್ತು ಮರೆತುಹೋಗುತ್ತಿತ್ತು.

ಆಮೇಲೆ ಹಾಲಿನ ಮುನಿಯಮ್ಮ ಬಂದಳು. ಅವಳ ಎಮ್ಮೆ ಎರಡು ದಿನದಿಂದ ಹಾಲು ಬಿಡದೆ ಒದೆಯುತ್ತಿತ್ತು.

"ಸ್ವಾಮಿ, ಎಮ್ಮೆ ಮುಂದೆ ನಿಂತ್ಕೊಂಡು ಒಂದ್ಸಲ ಹೇಳಿಬಿಡಿ."

"ಅಮ್ಮಾ, ಇದು ಮಂತ್ರ ಅಲ್ಲ. ಆಫೀಸ್ ಕೆಲಸ."

"ಆಗ್ಲಿ ಸ್ವಾಮಿ, ಆಫೀಸಿಂದೇ ಹೇಳಿ."

ಬಿಡುವ ಹೆಂಗಸಲ್ಲ. ಅವಳ ಕೊಟ್ಟಿಗೆಗೆ ಹೋದೆ. ಎಮ್ಮೆ ನನ್ನನ್ನು ನೋಡಿ ಒಂದು ಕಾಲು ಸಿದ್ಧ ಮಾಡಿಕೊಂಡಿತು. ಅಂದಿನ ಪಾಠ ನಿದ್ರಿಸುವುದು. ನಾನು ಸುರಕ್ಷಿತ ದೂರದಲ್ಲಿ ನಿಂತು ರಾಗವಾಗಿ ಆರಂಭಿಸಿದೆ. ದೋರ್ಮೊ, ನಿದ್ರಿಸುತ್ತೇನೆ. ದೋರ್ಮಿ, ನಿದ್ರಿಸುತ್ತೀಯೆ. ವರ್ತಮಾನ ಮುಗಿಯುವಷ್ಟರಲ್ಲಿ ಎಮ್ಮೆಯ ಕಿವಿ ಇಳಿಯಿತು. ಭೂತಕಾಲಗಳ ನಡುವೆ ಅದು ಮಂಡಿಯೂರಿತು. ಭವಿಷ್ಯತ್ತಿಗೆ ಬಂದಾಗ ಪೂರ್ತಿ ಮಲಗಿ ಗೊರಕೆ ಹೊಡೆಯುತ್ತಿತ್ತು. ಮುನಿಯಮ್ಮ ಚೊಂಬು ಹಿಡಿದು ಅದನ್ನೂ ನನ್ನನ್ನೂ ನೋಡಿದಳು.

"ಮಂತ್ರದಾಗೆ ಶಕ್ತಿ ಇದೆ ಸ್ವಾಮಿ, ಇಲ್ಲ ಅನ್ನಲ್ಲ" ಎಂದಳು. "ಆದ್ರೆ ಇದು ಬೇರೆ ಕೆಲಸದ್ದು."

ನಡೆಯಿರಿ

ಕೈದಿಗಳು ಬಂದ ದಿನ ನಾನು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಹೋಗಿದ್ದೆ. ಲಾರಿಯಿಂದ ಇಪ್ಪತ್ತು ಜನ ಇಳಿದು ಗೇಟಿನ ಒಳಗೆ ಸಾಲಾಗಿ ನಿಂತರು. ಕ್ಯಾಪ್ಟನ್ ಸಾಹೇಬರು, "ಅವರನ್ನು ಇಲ್ಲಿಗೆ ಬರಲು ಹೇಳು" ಎಂದರು.

'ಬಾ' ಎಂಬುದು ಕಡಲೆಕಾಯಿಯವನ ಹತ್ತಿರ ಇತ್ತು. ಆದರೆ 'ನಡೆಯಿರಿ' ಎಂಬುದು ನನ್ನ ಹತ್ತಿರ ಇತ್ತು. ಸ್ಪಷ್ಟವಾಗಿ, ಪಂಡಿತರು ಮೆಚ್ಚುವ ಹಾಗೆ, "ಕಮ್ಮಿನಾತೆ!" ಎಂದೆ.

ಇಪ್ಪತ್ತು ಜನರೂ ಒಮ್ಮೆಗೇ ನಡೆದರು. ನನಗೆ ಮೈ ಪುಳಕವಾಯಿತು. ಇಟಲಿಯಲ್ಲಿ ಹುಟ್ಟಿದ ಇಪ್ಪತ್ತು ಜನಕ್ಕೆ ಹಲಸೂರಿನ ಒಂದು ಬಾಯಿ ಅರ್ಥವಾಗಿತ್ತು. ಅವರು ಗೇಟಿನ ಕಡೆ ಮುಖ ಮಾಡಿ ನಿಂತಿದ್ದರು ಎಂಬ ಸಣ್ಣ ಸಂಗತಿಯನ್ನು ನಾನು ಗಮನಿಸಿರಲಿಲ್ಲ. ಗೇಟು ತೆರೆದೇ ಇತ್ತು. ಅವರು ಹೊರಗೆ ಹೋಗಿ, ರಸ್ತೆ ಹಿಡಿದು, ಹಲಸೂರಿನ ಕಡೆ ನಡೆಯುತ್ತಲೇ ಹೋದರು.

"ನಿಲ್ಲಿಸು!" ಎಂದರು ಕ್ಯಾಪ್ಟನ್.

ನಿಲ್ಲಿಸುವುದು ಒಂಬತ್ತನೇ ಪಾಠದಲ್ಲಿತ್ತು. ನಾನು ಏಳನೆಯದರಲ್ಲಿದ್ದೆ. ನನಗೆ ಗೊತ್ತಿದ್ದ ಉಳಿದ ಎಲ್ಲವನ್ನೂ ಕೂಗಿದೆ: ದುಡಿಯಿರಿ, ನಂಬಿರಿ, ನಿದ್ರಿಸಿರಿ. ಅವರು ಒಂದು ಸಲ ತಿರುಗಿ ನೋಡಿ, ಗೌರವದಿಂದ ಟೋಪಿ ತೆಗೆದು, ಮುಂದೆ ನಡೆದರು. ಕಾವಲಿನ ಸಿಪಾಯಿ ಸೀಟಿ ಊದುತ್ತ ಹಿಂದೆ ಓಡಿದ.

ಅರ್ಧ ಗಂಟೆ ಬಿಟ್ಟು ಅವರೆಲ್ಲ ತಾವಾಗಿಯೇ ವಾಪಸ್ ಬಂದರು. ಊಟದ ಹೊತ್ತಾಗಿತ್ತು. ಇಪ್ಪತ್ತು ಜನಕ್ಕೆ ಇಪ್ಪತ್ತೂ ಇದ್ದರು. ಸಿಪಾಯಿಯೊಬ್ಬನೇ ತಡವಾಗಿ ಬಂದ. ಹೆಡ್ ಕ್ಲರ್ಕು ರಿಜಿಸ್ಟರ್ ತೆರೆದು, ಆ ದಿನದ ಕಾಲಮಿನಲ್ಲಿ ಒಂದು ಕ್ಷಣ ಪೆನ್ನು ನಿಲ್ಲಿಸಿ, ಆಮೇಲೆ ಬರೆದರು: "ವ್ಯಾಯಾಮ. ತೃಪ್ತಿಕರ."

ಏನು ಮಾಡುವುದು ಗೊತ್ತು

ಎರಡು ತಿಂಗಳಾದ ಮೇಲೆ ಕೃಷ್ಣರಾಜಪುರದ ಯಜಮಾನರು ಹೇಳದೆ ಕೇಳದೆ ನಮ್ಮ ಮನೆಗೆ ಬಂದರು. ಕೈಯಲ್ಲಿ ಒಂದು ಬುಟ್ಟಿ ದ್ರಾಕ್ಷಿ. ದ್ರಾಕ್ಷಿಯನ್ನು ಅಮ್ಮನಿಗೆ ಕೊಟ್ಟು ನನ್ನ ಎದುರು ಕುಳಿತರು.

"ಎಲ್ಲಿಗೆ ಬಂತು ನಿಮ್ಮ ಇಟಲಿ?"

"ಎಲ್ಲ ಕಾಲವೂ ಮುಗೀತು. ಈಗ ನೆನಪಿಗೆ ಇನ್ನೊಂದು ಸಲ ಹೇಳ್ಕೊತಾ ಇದ್ದೀನಿ."

"ಎಲ್ಲಿ, ಒಂದು ಹೇಳಿ."

ಮಾರುವುದು ಹೇಳಿದೆ. ಅವರು ದನದ ಸಂತೆಯಲ್ಲಿ ಹಲ್ಲು ನೋಡುವವರ ಹಾಗೆ ಕಣ್ಣು ಕಿರಿದು ಮಾಡಿಕೊಂಡು ಕೇಳಿದರು. ಬೆರಳು ಮಡಿಚುತ್ತ ಹೋದರು. ಎರಡೂ ಕೈಯ ಬೆರಳು ಮುಗಿದ ಮೇಲೆ ಎಣಿಸುವುದನ್ನು ಬಿಟ್ಟು ಬರೀ ಕೇಳಿದರು.

"ಭಾಳ ಇದೆ. ಸರಿ, ದ್ರಾಕ್ಷಿಗೆ ಏನಂತಾರೆ?"

"ಅದು... ನಾಮಪದ. ಅದು ಎರಡನೇ ಭಾಗ."

"ರಾಗಿಗೆ?"

"ಅದೂ ನಾಮಪದವೇ."

"ಮನೆ? ನೀರು? ಹೆಂಡ್ತಿ?"

ಮೂರೂ ಎರಡನೇ ಭಾಗದಲ್ಲಿದ್ದವು. ಯಜಮಾನರು ಮಡಿಚಿದ್ದ ಬೆರಳುಗಳನ್ನೆಲ್ಲ ಬಿಡಿಸಿದರು.

"ಅಂದ್ರೆ, ಮಾರೋದು ಗೊತ್ತು. ಏನನ್ನ ಅಂತ ಗೊತ್ತಿಲ್ಲ."

"ಕೈ ತೋರಿಸ್ತೀನಿ. ಅವರಿಗೆ ಅರ್ಥ ಆಗತ್ತೆ. ಇದುವರೆಗೆ ಒಂದು ತೊಂದರೆಯೂ ಆಗಿಲ್ಲ" ಎಂದೆ ಧೈರ್ಯವಾಗಿ. ಹಲಸೂರಿನ ಕಡೆ ನಡೆದದ್ದನ್ನು ತೊಂದರೆ ಎಂದು ರಿಜಿಸ್ಟರಿನಲ್ಲಿ ಬರೆದಿರಲಿಲ್ಲವಷ್ಟೆ.

ಅವರು ಎದ್ದು ಚಪ್ಪಲಿ ಮೆಟ್ಟಿದರು. "ನಂಗೂ ಏನೂ ತೊಂದರೆ ಇಲ್ಲ. ಪರೀಕ್ಷೆ ದಿವಸ ನಾನೇ ಬಂದು ಹೊರಗಡೆ ಕೂತಿರ್ತೀನಿ. ಪಾಸಾದ್ರೆ ಅಲ್ಲಿಂದ್ಲೇ ಜೋಯಿಸರ ಹತ್ರ ಲಗ್ನ ಕಟ್ಟಿಸೋಕೆ ಹೋಗೋಣ. ಇಲ್ದಿದ್ರೆ ಬುಟ್ಟಿ ವಾಪಸ್ ಕೊಟ್ಬಿಡಿ ಸಾಕು."

ಅಮ್ಮ ಒಳಗಿನಿಂದ, "ಹಣ್ಣು ತಿಂದಾಯ್ತಲ್ಲೋ" ಎಂದಳು.

ಗಾರೆ ಮೇಸ್ತ್ರಿ

ಆ ಇಪ್ಪತ್ತು ಜನರಲ್ಲಿ ಒಬ್ಬ ಗಾರೆ ಕೆಲಸದವನಿದ್ದ. ನಲವತ್ತರ ಆಸುಪಾಸು, ದೊಡ್ಡ ಮೀಸೆ, ಕೈ ಎರಡೂ ಸುಣ್ಣ ತಿಂದು ಒಡೆದಿದ್ದವು. ಎಲ್ಲರೂ ಅವನನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಹಲಸೂರಿನಿಂದ ಕೂಲಿಗೆ ಬರುತ್ತಿದ್ದ ಹೆಂಗಸರು ಅವನಿಗೆ ಮರಳು, ಸುಣ್ಣ, ನೀರು ಎತ್ತಿಕೊಡುತ್ತಿದ್ದರು. "ಏ ಮೇಸ್ತ್ರಿ, ಮರಳು ಎಲ್ಲಿ ಸುರೀಬೇಕು?" ಎಂದು ಅವರು ಕೂಗುವುದು, ಅವನು ನಗುವುದು, ಇದು ದಿನವಿಡೀ ನಡೆಯುತ್ತಿತ್ತು.

ನನ್ನ ಬಾಯಿಪಾಠ ಒಪ್ಪಿಸುವುದಕ್ಕೆ ಇವನೇ ಸರಿ ಎಂದುಕೊಂಡೆ. ಹುಟ್ಟಿನಿಂದ ಇಟಲಿಯವನು, ತಪ್ಪಿದರೆ ತಿದ್ದುತ್ತಾನೆ. ದಿನವೂ ಮಧ್ಯಾಹ್ನ ಅವನು ಕರಣೆ ಆಡಿಸುತ್ತಿದ್ದಾಗ ಪಕ್ಕದ ಇಟ್ಟಿಗೆ ರಾಶಿಯ ಮೇಲೆ ಕೂತು ಪಂಡಿತರ ಪದ್ಧತಿಯಲ್ಲಿ, ರೂಪ ಮತ್ತು ಅರ್ಥ, ರೂಪ ಮತ್ತು ಅರ್ಥ, ಎಂದು ಹೇಳುತ್ತಿದ್ದೆ. ಅರ್ಥವನ್ನು ಬಿಟ್ಟು ಹೇಳಲು ಪ್ರಯತ್ನಿಸಿದ್ದೂ ಉಂಟು. ಆಗ ರೂಪವೂ ಬರುತ್ತಿರಲಿಲ್ಲ. ಅವೆರಡೂ ಜೋಡಿ ಎತ್ತಿನ ಹಾಗೆ ಅಭ್ಯಾಸವಾಗಿಹೋಗಿದ್ದವು.

ಮೇಸ್ತ್ರಿ ಬಹಳ ಶ್ರದ್ಧೆಯಿಂದ ಕೇಳುತ್ತಿದ್ದ. ಒಂದು ಸಲವೂ ತಿದ್ದಲಿಲ್ಲ. ನನ್ನ ಇಟಲಿ ಭಾಷೆ ನಿರ್ದೋಷವಾಗಿದೆ ಎಂದು ನಾನು ತೀರ್ಮಾನಿಸಿದೆ. ಆಮೇಲಾಮೇಲೆ ಅವನು ನನ್ನ ಜೊತೆ ಜೊತೆಗೇ ಗುಣುಗುತ್ತ ತುಟಿ ಆಡಿಸುವುದಕ್ಕೂ ಶುರುಮಾಡಿದ. ತನ್ನ ಭಾಷೆಯನ್ನು ಇಷ್ಟು ಅಚ್ಚುಕಟ್ಟಾಗಿ ಯಾರೂ ಅವನಿಗೆ ಹೇಳಿಕೊಟ್ಟಿರಲಿಕ್ಕಿಲ್ಲ ಎಂದುಕೊಂಡೆ.

ಒಂದು ದಿನ ಹೆಡ್ ಕ್ಲರ್ಕು ಅಲ್ಲಿಗೆ ಬಂದು ಐದು ನಿಮಿಷ ನಿಂತು ನೋಡಿದರು.

"ಇಲ್ಲಿ ಮೇಷ್ಟ್ರು ಯಾರಯ್ಯ, ಶಿಷ್ಯ ಯಾರು?"

"ನಾನು ಶಿಷ್ಯ ಸಾರ್."

"ಹಂಗಾ?" ಎಂದು ಅವರು ಕೊಡೆ ಬಿಡಿಸಿಕೊಂಡು ಹೋದರು. "ನೀನೊಬ್ಬನೇ ಹಂಗಂದ್ಕೊಂಡಿರೋದು."

ಪರೀಕ್ಷೆ

ಪರೀಕ್ಷೆಯ ದಿನ ಕ್ಯಾಪ್ಟನ್ ಸಾಹೇಬರ ಕೋಣೆಯಲ್ಲಿ ನಾಲ್ಕು ಜನ ಇದ್ದೆವು. ಮೇಜಿನ ಹಿಂದೆ ಕ್ಯಾಪ್ಟನ್, ಪಕ್ಕದಲ್ಲಿ ಫೈಲು ಹಿಡಿದು ಹೆಡ್ ಕ್ಲರ್ಕು, ಎದುರಿಗೆ ನಾನು, ಬಾಗಿಲ ಹತ್ತಿರ ಮೇಸ್ತ್ರಿ. ಕಿಟಕಿಯ ಹೊರಗೆ, ಜಗಲಿಯ ಬೆಂಚಿನ ಮೇಲೆ, ಬಿಳಿ ರುಮಾಲು ಸುತ್ತಿದ ಯಜಮಾನರ ತಲೆ ಕಾಣುತ್ತಿತ್ತು. ಬೆಂಚಿನ ಕೆಳಗೆ ಎರಡನೇ ಬುಟ್ಟಿ ಇತ್ತು.

ನನಗೆ ಭಯವೇನೂ ಇರಲಿಲ್ಲ. ಇಪ್ಪತ್ತಾರು ಕ್ರಿಯಾಪದಗಳು ಎಲ್ಲ ಕಾಲಗಳಲ್ಲಿಯೂ ನಾಲಿಗೆಯ ತುದಿಯಲ್ಲಿದ್ದವು. ಉಳಿದದ್ದಕ್ಕೆ ಹತ್ತು ಬೆರಳುಗಳಿದ್ದವು.

ಕ್ಯಾಪ್ಟನ್ ಸಾಹೇಬರು ಗಡಿಯಾರ ನೋಡಿ, "ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೋ" ಎಂದರು. "ಕೈ ತೋರಿಸಿ ನಮ್ಮ ಬಟ್ಲರ್ ಕೂಡ ಕೆಲಸ ಮಾಡಿಸುತ್ತಾನೆ. ನನಗೆ ಭಾಷೆ ಬೇಕು."

ನನ್ನ ಅರ್ಧ ಭಾಷೆ ಬೆನ್ನ ಹಿಂದೆ ಹೋಯಿತು.

"ಹೊರಗಿರುವ ಏಣಿಯನ್ನು ತರಲು ಹೇಳು."

ತರುವುದು ಗೊತ್ತಿತ್ತು. ಮೂರು ತಿಂಗಳ ಹಿಂದೆ ಮೊಟ್ಟಮೊದಲು ಕಲಿತದ್ದೇ ಅದು. "ಪೋರ್ತ" ಎಂದೆ. ಅಭ್ಯಾಸಬಲದಿಂದ ಹಿಂದೆಯೇ "ತಾ" ಎಂದೂ ಬಂತು. ಏನನ್ನು? ಏಣಿಗೆ ಇಟಲಿಯಲ್ಲಿ ಏನೆನ್ನುತ್ತಾರೋ, ಅದಿದ್ದ ಹಾಳೆಯಲ್ಲಿ ಯಾರೋ ಕಡಲೆಕಾಯಿ ತಿಂದಿದ್ದರು. ಕಿಟಕಿಯ ಹೊರಗಿನ ರುಮಾಲು ಅಲುಗಾಡದೆ ನಿಂತಿತ್ತು. ಬೆನ್ನ ಹಿಂದೆ ಬೆರಳು ತಾನಾಗಿಯೇ ಏಣಿ ಇದ್ದ ದಿಕ್ಕಿಗೆ ಚಾಚಿಕೊಂಡಿತು. ಅದನ್ನು ನೋಡುವುದಕ್ಕೆ ಗೋಡೆಯೊಂದೇ ಇತ್ತು. ಕೊನೆಗೆ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ಏಣಿ."

ಮೇಸ್ತ್ರಿಯ ಮುಖ ಅರಳಿತು. ಎದೆಯುಬ್ಬಿಸಿ ನಿಂತು, ಪಂಡಿತರ ರಾಗದಲ್ಲಿಯೇ, ಕೋಣೆ ತುಂಬುವ ಹಾಗೆ ಹೇಳಿದ:

"ಏಣಿಯನ್ನು ತರುವೆನು!"

ಹೊರಗೆ ಹೋಗಿ ಏಣಿ ತಂದು ಗೋಡೆಗೆ ಒರಗಿಸಿದ. ಕ್ಯಾಪ್ಟನ್ ಸಾಹೇಬರು ತಲೆದೂಗಿದರು. ಹೆಡ್ ಕ್ಲರ್ಕು ಫೈಲನ್ನು ಮುಖಕ್ಕೆ ಸ್ವಲ್ಪ ಹತ್ತಿರ ಹಿಡಿದರು.

ಆಗ ನನಗೆ ಮೂರು ತಿಂಗಳ ಪಾಠದ ನಿಜವಾದ ಲಾಭ ಯಾರಿಗಾಯಿತೆಂದು ಗೊತ್ತಾಯಿತು. ಕ್ರಿಯಾಪದವನ್ನೆಲ್ಲ ಇವನು ನನ್ನಿಂದ ಕಲಿತಿದ್ದ. ನಾಮಪದವನ್ನೆಲ್ಲ ಮರಳು ಹೊರುವ ಹೆಂಗಸರಿಂದ ಕಲಿತಿದ್ದ. ಅವನ ಹತ್ತಿರ ಪೂರ್ತಿ ಪುಸ್ತಕವೇ ಇತ್ತು.

"ನಿನ್ನೆ ಏನು ಕೆಲಸ ಮಾಡಿದ, ಕೇಳು."

ಇನ್ನು ಹಿಂದೆ ಮುಂದೆ ನೋಡಲಿಲ್ಲ. ಕೊಂಚ ಮೂಗಿನಲ್ಲಿ, ಕೊನೆಯ ಅಕ್ಷರವನ್ನು ಎಳೆದು, ವಿದೇಶದ ವಾಸನೆ ಬರುವ ಹಾಗೆ, "ಮೇಸ್ತ್ರೀ, ನಿನ್ನೇ ಏನು ದುಡಿದೇ?" ಎಂದೆ.

"ಗೋಡೆಯನ್ನು ದುಡಿದೆನು. ಸುಣ್ಣವನ್ನು ತಂದೆನು. ಮಧ್ಯಾಹ್ನ ನಿದ್ರಿಸಿದೆನು."

ನಿದ್ದೆಯನ್ನು ಬಿಟ್ಟು ಉಳಿದದ್ದನ್ನು ಇಂಗ್ಲಿಷಿಗೆ ಅನುವಾದಿಸಿದೆ. ಕ್ಯಾಪ್ಟನ್ ಸಾಹೇಬರು ಸಂತೋಷಪಟ್ಟರು. ದಿನಕ್ಕೆ ಇನ್ನೊಂದು ಲೋಟ ಚಹಾ ಕೊಟ್ಟರೆ ಹೆಚ್ಚು ದುಡಿಯುತ್ತಾನೆಯೇ ಎಂದು ಕೇಳಿಸಿದರು. ಮೇಸ್ತ್ರಿ ಆಲೋಚಿಸಿ, ಮೀಸೆ ನೇವರಿಸಿಕೊಂಡು, "ದುಡಿದೇನು" ಎಂದ. ಮಾತು ಕೊಡಲಿಲ್ಲ, ಇಲ್ಲ ಎನ್ನಲೂ ಇಲ್ಲ. ಪಂಡಿತರು ಅಲ್ಲಿದ್ದರೆ ಅವನನ್ನು ತಬ್ಬಿಕೊಳ್ಳುತ್ತಿದ್ದರು.

ಕ್ಯಾಪ್ಟನ್ ಸಾಹೇಬರು ಕುರ್ಚಿಗೆ ಒರಗಿದರು. "ಬಹಳ ಇಂಪಾದ ಭಾಷೆ. ಹಾಡಿದ ಹಾಗೆ ಇರುತ್ತದೆ ಎಂದು ಕೇಳಿದ್ದೆ, ನಿಜ" ಎಂದರು. ಆಮೇಲೆ ಹೆಡ್ ಕ್ಲರ್ಕಿನ ಕಡೆ ತಿರುಗಿ, "ನಿಮ್ಮ ಅಭಿಪ್ರಾಯ?" ಎಂದು ಕೇಳಿದರು.

ನನ್ನ ನೌಕರಿ, ಕೃಷ್ಣರಾಜಪುರ, ಎರಡನೇ ಸಲದ ಉಪ್ಪಿಟ್ಟು ಎಲ್ಲವೂ ಆ ಫೈಲಿನ ಹಿಂದೆ ಇದ್ದವು. ಫೈಲು ಮೆಲ್ಲಗೆ ಕೆಳಗಿಳಿಯಿತು. ಹೆಡ್ ಕ್ಲರ್ಕಿನ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಿರಲಿಲ್ಲ.

"ಇಷ್ಟು ಸ್ಪಷ್ಟವಾಗಿ ಮಾತಾಡುತ್ತಾನೆ ಸಾರ್" ಎಂದರು. "ನನಗೇ ಒಂದೊಂದು ಶಬ್ದವೂ ಅರ್ಥವಾಯಿತು."

ಕ್ಯಾಪ್ಟನ್ ಸಾಹೇಬರು ಸಹಿ ಹಾಕಿದರು.

ಕಾಗದ ಹಿಡಿದು ಜಗಲಿಗೆ ಬಂದೆ. ಯಜಮಾನರು ಬೆಂಚಿನಿಂದ ಎದ್ದಿರಲಿಲ್ಲ. ಅವರು ಕೂತಿದ್ದ ಜಾಗಕ್ಕೂ ಕಿಟಕಿಗೂ ಎರಡು ಅಡಿ ಇರಲಿಲ್ಲ ಎಂಬುದು ಆಗ ಕಣ್ಣಿಗೆ ಬಿತ್ತು. ಒಳಗೆ ಆಡಿದ್ದೆಲ್ಲ ಇಲ್ಲಿಗೆ ಪೂರ್ತಿ ಕೇಳುತ್ತದೆ.

"ಪಾಸಾಯ್ತು" ಎಂದೆ.

"ಕೇಳಿಸ್ತು" ಎಂದರು ಅವರು.

ಅಷ್ಟರಲ್ಲಿ ಮೇಸ್ತ್ರಿ ಏಣಿ ಹೊತ್ತುಕೊಂಡು ನಮ್ಮ ಮುಂದೆಯೇ ಹಾದುಹೋದ. ಯಜಮಾನರ ರುಮಾಲು ನೋಡಿ, ಏಣಿ ಹೊತ್ತಿದ್ದವನೇ ತಲೆಬಾಗಿ, "ಹೊರಡುವೆನು" ಎಂದ. ಯಜಮಾನರು, "ಹೋಗಿ ಬಾರಪ್ಪ" ಎಂದು ಕೈ ಎತ್ತಿದರು. ಅವನು ಗೋದಾಮಿನ ತಿರುವಿನಲ್ಲಿ ಮರೆಯಾಗುವ ತನಕ ನೋಡಿದರು. ಆಮೇಲೆ ಬೆಂಚಿನ ಕೆಳಗಿನಿಂದ ಬುಟ್ಟಿ ಎಳೆದು ನನ್ನ ಕೈಗಿಟ್ಟರು.

"ನಡೀರಿ, ಲಗ್ನ ಕಟ್ಟಿಸೋಣ" ಎಂದರು. "ಒಂದು ವಿಷಯ ನಿಮಗೆ ಮುಂಚೇನೇ ಹೇಳಿಬಿಡ್ಬೇಕು. ನಮ್ಮ ಹುಡುಗೀನೂ ಚಿಕ್ಕಂದಿನಿಂದ ಇದೇ ಇಟಲೀಲೇ ಮಾತಾಡೋದು."